ಒಂಟಿ ಮನೆಯ ಮಕ್ಕಳು: ನೋವು, ಅಮಲು, ಎಚ್‌ಐವಿ



ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ಒಟ್ಟಿಗೆ ಹೇಳಿದಾಗ ವೇದಿಕೆಗಳಲ್ಲಿ ಬರುವ ಮಾತುಗಳು ನಿಮಗೆ ಬಾಯಿಪಾಠ. ಕಾಗೋಡು ಸತ್ಯಾಗ್ರಹ, ಶಾಂತವೇರಿ ಗೋಪಾಲಗೌಡರು, ಕುಪ್ಪಳಿ, ಹೆಗ್ಗೋಡಿನ ನೀನಾಸಂ, ಬಿದನೂರಿನ ಕೋಟೆ. ಆ ಹೆಮ್ಮೆಯಲ್ಲಿ ನನಗೂ ಪಾಲಿದೆ. ಇವತ್ತು ಮಾತ್ರ ಅದನ್ನು ಬದಿಗಿಟ್ಟು, ಶಿವಮೊಗ್ಗ ಜಿಲ್ಲೆಯ ಇದೇ ಮೂರು ತಾಲ್ಲೂಕುಗಳಲ್ಲಿ ಜಗಲಿಯ ಮೇಲೆ ಯಾರೂ ಆಡದ ಮಾತೊಂದನ್ನು ಆಡಬೇಕೆಂದಿದ್ದೇನೆ. ಎಳವೆಯಲ್ಲಿ ದೊಡ್ಡ ಪೆಟ್ಟು ತಿಂದ ಹುಡುಗ ಹುಡುಗಿಯರು ಅಮಲಿನ ಚಟಕ್ಕೂ ಎಚ್‌ಐವಿ ಸೋಂಕಿಗೂ ಉಳಿದವರಿಗಿಂತ ಸುಲಭವಾಗಿ ಸಿಕ್ಕಿಬೀಳುವುದೇಕೆ? ಅದನ್ನು ತಡೆಯುವ ಕೆಲಸ ನಮ್ಮಲ್ಲಿ ಎಲ್ಲಿಂದ ಶುರುವಾಗಬೇಕು? ಇದು ಇಂದಿನ ವಿಷಯ.

ಮಾತನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ನಮ್ಮ ಸೀಮೆಯ ಮಕ್ಕಳಿಗೆ ಬೀಳುವ ಪೆಟ್ಟು ಎಂಥದು, ಅದು ಅಮಲಿನ ಕಡೆ ಹೇಗೆ ತಿರುಗುತ್ತದೆ, ಎಚ್‌ಐವಿ ಎಲ್ಲಿ ಬಂದು ಸೇರಿಕೊಳ್ಳುತ್ತದೆ, ಕೊನೆಗೆ ಏನು ಮಾಡಬಹುದು. ಭಾಗಗಳು ಸಮನಾಗಿರುವುದಿಲ್ಲ, ಕೊನೆಯದಕ್ಕೆ ಹೆಚ್ಚು ಹೊತ್ತು ಬೇಕು. ಇನ್ನೊಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ವೈದ್ಯನಾಗಿ ಕಂಡದ್ದನ್ನು ನಾನು ಅಲ್ಲಲ್ಲಿ ಹೇಳಬಹುದು. ಆದರೆ ಅಲ್ಲಿ ಬರುವ ಹುಡುಗನೋ ಹುಡುಗಿಯೋ ಯಾವ ಒಬ್ಬರೂ ಅಲ್ಲ, ಹಲವರನ್ನು ಕಲಸಿದ್ದು. ‘ಯಾರ ಮನೆಯದು?’ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದು ಬೇಡ. ಹಾಗೆ ಕೇಳುವ ನಮ್ಮ ಅಭ್ಯಾಸವೂ ಈ ಉಪನ್ಯಾಸದ ವಿಷಯದಲ್ಲಿ ಸೇರಿದೆ.

ಮೊದಲಿಗೆ ಪೆಟ್ಟಿನ ಮಾತು.

1998ರಲ್ಲಿ ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ತಮ್ಮ ಜೊತೆಗಾರರೊಡನೆ ಒಂದು ಅಧ್ಯಯನ ಪ್ರಕಟಿಸಿದರು. ಅದರ ಹಿನ್ನೆಲೆ ಸ್ವಾರಸ್ಯವಾಗಿದೆ. ಫೆಲಿಟ್ಟಿ ಸ್ಯಾನ್ ಡಿಯಾಗೋದಲ್ಲಿ ಬೊಜ್ಜು ಇಳಿಸುವ ಚಿಕಿತ್ಸೆ ನಡೆಸುತ್ತಿದ್ದರು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದರು. ಏಕೆಂದು ವಿಚಾರಿಸುತ್ತ ಹೋದಾಗ ಅವರಲ್ಲಿ ಅನೇಕರು ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದವರೆಂದು ತಿಳಿಯಿತು. ಆಮೇಲೆ ಸಾವಿರಾರು ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ಕೇಳಿದರು: ಮನೆಯಲ್ಲಿ ಹೊಡೆತ ಬೈಗುಳ ಇತ್ತೇ, ಯಾರಾದರೂ ಕೆಟ್ಟದಾಗಿ ಮುಟ್ಟಿದ್ದರೇ, ತಾಯಿಗೆ ಏಟು ಬೀಳುತ್ತಿತ್ತೇ, ಕುಡುಕರಿದ್ದರೇ, ಮಾನಸಿಕ ಕಾಯಿಲೆಯವರಿದ್ದರೇ, ಯಾರಾದರೂ ಜೈಲಿಗೆ ಹೋಗಿದ್ದರೇ. ಇಂಥ ಅನುಭವಗಳಲ್ಲಿ ನಾಲ್ಕು ಅಥವಾ ಹೆಚ್ಚು ಬಗೆ ಕಂಡವರಲ್ಲಿ ಮದ್ಯವ್ಯಸನ, ಮಾದಕ ವಸ್ತುಗಳ ಚಟ, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನಗಳ ಅಪಾಯವು ಯಾವುದನ್ನೂ ಕಾಣದವರಿಗಿಂತ 4ರಿಂದ 12 ಪಟ್ಟು ಹೆಚ್ಚಿತ್ತು. ಲೈಂಗಿಕ ಸೋಂಕುಗಳು 2ರಿಂದ 4 ಪಟ್ಟು. ಇವರಾರೂ ಹೊಟ್ಟೆಗಿಲ್ಲದ ಬಡವರಲ್ಲ. ಆರೋಗ್ಯ ವಿಮೆ ಇದ್ದ, ಓದಿದ, ಅನುಕೂಲಸ್ಥ ಮಧ್ಯಮ ವರ್ಗದವರು. ಚಟ ಬಡವರ ಕೇರಿಯದು ಎಂದು ನಂಬಿರುವವರು ಇದನ್ನು ಗಮನಿಸಬೇಕು.

ಭಾರತದ ಚಿತ್ರ ಇದಕ್ಕಿಂತ ಮೆದುವಾಗಿಲ್ಲ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ ಒಂದು ವರದಿ ಹೊರತಂದಿತು. ಶೇ 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಕಂಡಿದ್ದೇವೆ ಎಂದರು. ಅದರಲ್ಲಿ ಗಂಡುಮಕ್ಕಳ ಪಾಲು ಹೆಣ್ಣುಮಕ್ಕಳದಕ್ಕಿಂತ ಕಡಿಮೆ ಇರಲಿಲ್ಲ. ಗಂಡುಹುಡುಗನಿಗೆ ಏನಾಗುತ್ತದೆ ಎಂಬ ಧೈರ್ಯದಲ್ಲಿ ನಾವು ಅವನನ್ನು ಯಾರ ಜೊತೆಗೂ ಕಳಿಸುತ್ತೇವೆ.

ಇನ್ನು ನಮ್ಮ ನೆಲಕ್ಕೆ ಬರೋಣ. ಇಲ್ಲಿನ ಪೆಟ್ಟುಗಳಲ್ಲಿ ಕೆಲವು ಇಡೀ ಊರಿಗೇ ಬಿದ್ದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಶರಾವತಿ ಕಣಿವೆಯ ಮನೆ, ಗದ್ದೆ, ತೋಟಗಳು ನೀರಿನಡಿ ಹೋದವು. ಎಬ್ಬಿಸಿ ಕಳಿಸಿದ ಕುಟುಂಬಗಳಲ್ಲಿ ಅನೇಕರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಅರ್ಜಿ ಹಿಡಿದು ನಿಂತಿದ್ದಾರೆ. ಮುಳುಗಡೆಯಿಂದ ಮೊಮ್ಮಗನ ಕುಡಿತಕ್ಕೆ ನೇರ ಗೆರೆ ಎಳೆಯುವುದು ಸರಿಯಲ್ಲ. ಆದರೆ ನಾಳೆ ಈ ಮನೆ ನಮ್ಮದಾಗಿರುತ್ತದೋ ಇಲ್ಲವೋ ಎಂಬ ಮಾತನ್ನು ಊಟದ ಹೊತ್ತಿಗೆ ದಿನವೂ ಕೇಳುತ್ತ ಬೆಳೆದ ಮಗುವಿಗೆ ‘ಮುಂದೆ’ ಎಂಬುದರ ಮೇಲೆ ನೆಚ್ಚಿಕೆ ಕಡಿಮೆ. ಮುಂದೆ ಎಂಬುದನ್ನು ನಂಬದವನಿಗೆ ಮುಂದಿನ ಅಪಾಯ ಹೇಳಿ ಹೆದರಿಸಿ ಉಪಯೋಗವಿಲ್ಲ.

ಮಂಗನ ಕಾಯಿಲೆ ಇನ್ನೊಂದು. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆಯು 2018ರ ಕೊನೆ, 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಹಲವರನ್ನು ಬಲಿ ತೆಗೆದುಕೊಂಡಿತು. ಉಣುಗು, ಲಸಿಕೆ, ಸತ್ತ ಮಂಗಗಳ ಲೆಕ್ಕ ಎಲ್ಲ ಪತ್ರಿಕೆಗಳಲ್ಲಿ ಬಂತು. ಆ ಮನೆಗಳಲ್ಲಿ ಉಳಿದ ಮಕ್ಕಳ ನಿದ್ದೆಯ ಬಗ್ಗೆ ಸುದ್ದಿ ಆಗಲಿಲ್ಲ. ಕೋವಿಡ್ ಹೊತ್ತಿನಲ್ಲೂ ಅಷ್ಟೇ. ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ 2021ರಲ್ಲಿ ರಾಜ್ಯ ಸರ್ಕಾರ ತಿಂಗಳಿಗೆ 3,500 ರೂಪಾಯಿ ಗೊತ್ತುಮಾಡಿತು, ಒಳ್ಳೆಯದೇ. ದುಡ್ಡು ಖಾತೆಗೆ ಬರುತ್ತದೆ. ಹೇಗಿದ್ದೀಯ ಎಂದು ಕೇಳುವವರು ಬರುವುದಿಲ್ಲ.

ಉಳಿದ ಪೆಟ್ಟುಗಳು ನಾಲ್ಕು ಗೋಡೆಯೊಳಗಿನವು, ಅವೇ ಹೆಚ್ಚು. ಅಪ್ಪನ ಕುಡಿತ, ಅಮ್ಮನಿಗೆ ಹೊಡೆತ, ಸಾಲಕ್ಕೋ ಅಡಿಕೆಯ ಎಲೆಚುಕ್ಕಿ ರೋಗದ ಹತಾಶೆಗೋ ಮನೆಯಲ್ಲೇ ನಡೆದ ಆತ್ಮಹತ್ಯೆ, ಅದನ್ನು ಮೊದಲು ನೋಡಿದ ಮಗು, ಬಂಧುವೊಬ್ಬನ ಕೈ. ಬಯಲುಸೀಮೆಯ ಊರಿನಲ್ಲಿ ಗೋಡೆಗೆ ಗೋಡೆ ತಾಗಿರುತ್ತದೆ. ಒಂದು ಮನೆಯಲ್ಲಿ ಕೂಗಿದರೆ ನಾಲ್ಕು ಮನೆಯವರು ಹೊರಗೆ ಬರುತ್ತಾರೆ. ನಮ್ಮದು ಒಂಟಿ ಮನೆಗಳ ಸೀಮೆ. ತೋಟದ ತಲೆಗೊಂದು ಮನೆ, ಮುಂದಿನ ಮನೆಗೆ ಹಳ್ಳ ದಾಟಿ ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಕಾಲುಸಂಕ ಹೋದರೆ ಅದೂ ಇಲ್ಲ. ಅಪ್ಪ ಕತ್ತಿ ಹಿಡಿದ ರಾತ್ರಿ ಮಗು ಓಡಿಹೋಗಲು ಜಾಗವಿಲ್ಲ. ಆದರೆ ಅದೇ ಮಗು ಮಾರನೆಯ ದಿನ ಪೇಟೆಯ ಆಸ್ಪತ್ರೆಗೆ ಹೋದರೆ, ಬಸ್ಸಿನ ಕಂಡಕ್ಟರಿನಿಂದ ಚೀಟಿ ಬರೆಯುವವರವರೆಗೆ ಎಲ್ಲರಿಗೂ ಅದರ ಮನೆತನ ಗೊತ್ತು. ನೋಡುವವರಿಲ್ಲ, ಆದರೆ ಎಲ್ಲರಿಗೂ ಗೊತ್ತಾಗುತ್ತದೆ. ಈ ಎರಡರ ನಡುವೆ ಸಿಕ್ಕಿಕೊಂಡ ಮಗುವನ್ನು ನೀವು ಮನಸ್ಸಿನಲ್ಲಿಟ್ಟುಕೊಂಡಿದ್ದರೆ ನಾನು ಮುಂದೆ ಹೇಳುವುದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಎರಡನೆಯ ಭಾಗಕ್ಕೆ ಬರುತ್ತೇನೆ. ಪೆಟ್ಟು ಅಮಲಿಗೆ ತಿರುಗುವುದು ಹೇಗೆ?

ಹುಡುಗರು ಕೆಟ್ಟ ಸಹವಾಸದಿಂದ ಕೆಡುತ್ತಾರೆ ಎಂಬುದು ನಮ್ಮ ಸಿದ್ಧ ಉತ್ತರ. ಅದರಲ್ಲಿ ಅರ್ಧ ಸತ್ಯವಿದೆ. ಇನ್ನರ್ಧವನ್ನು ಹುಡುಗರೇ ಹೇಳುತ್ತಾರೆ. ಯಾಕೆ ಕುಡಿದೆ ಎಂದು ಕೇಳಿದರೆ ಮಜಾಕ್ಕೆ ಎನ್ನುತ್ತಾರೆ. ಬೈಯದೆ ಸ್ವಲ್ಪ ಹೊತ್ತು ಕೂತರೆ ‘ನಿದ್ದೆ ಬರಲ್ಲ ಸಾರ್’ ಎನ್ನುತ್ತಾರೆ. ಆಘಾತ ಕಂಡ ಮೈ ಸದಾ ಕಾವಲಿನಲ್ಲಿರುತ್ತದೆ. ಬಾಗಿಲು ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ, ಮಲಗಿದರೆ ಕಂಡದ್ದೇ ಕಾಣುತ್ತದೆ. ಆ ಕಾವಲನ್ನು ಒಂದೆರಡು ಗಂಟೆ ಇಳಿಸುವ ಔಷಧ ಅವನಿಗೆ ಗೂಡಂಗಡಿಯಲ್ಲಿ ಸಿಗುತ್ತದೆ. ಅವನ ಲೆಕ್ಕದಲ್ಲಿ ಅದು ಚಟವಲ್ಲ, ಚಿಕಿತ್ಸೆ. ಅದನ್ನು ಕಿತ್ತುಕೊಳ್ಳುವವರು ಬದಲಿಗೆ ಏನು ಕೊಡುತ್ತೀರಿ ಎಂದು ಅವನು ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಅವನ ಪ್ರಶ್ನೆ ಅದೇ. ಎಷ್ಟು ಬೇಗ ಶುರುವಾಯಿತು ಎಂಬುದೂ ಮುಖ್ಯ. 1997ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸಮೀಕ್ಷೆಯೊಂದರ ಪ್ರಕಾರ, 15 ತುಂಬುವ ಮೊದಲೇ ಕುಡಿಯಲು ತೊಡಗಿದವರಲ್ಲಿ ಶೇ 40ರಷ್ಟು ಜನ ಮುಂದೆ ಮದ್ಯಕ್ಕೆ ದಾಸರಾದರು. 20ರ ನಂತರ ತೊಡಗಿದವರಲ್ಲಿ ಆ ಪ್ರಮಾಣ ಶೇ 10ರಷ್ಟು.

ನಮ್ಮಲ್ಲಿ ಅದು ಶುರುವಾಗುವುದು ಬಾಟಲಿಯಿಂದಲ್ಲ, ಗುಟ್ಕಾ ಚೀಟಿಯಿಂದ. ಅಡಿಕೆ ಬೆಳೆಗಾರರ ಊರಿನಲ್ಲಿ ಈ ಮಾತು ಆಡುವುದು ಕಷ್ಟ. ನನ್ನ ಮನೆಯ ಅನ್ನವೂ ಅಡಿಕೆಯದೇ. ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2003ರಲ್ಲಿ ತಜ್ಞರನ್ನು ಕೂಡಿಸಿ, ತಂಬಾಕು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಬೆಳೆಗಾರರ ಆತಂಕ ನ್ಯಾಯವಾದದ್ದು. ಊಟದ ಮೇಲೆ ಅಜ್ಜ ಹಾಕುವ ಕವಳಕ್ಕೂ ಏಳನೇ ಕ್ಲಾಸಿನ ಹುಡುಗ ದಿನವಿಡೀ ಬಾಯಲ್ಲಿಟ್ಟುಕೊಳ್ಳುವ ಗುಟ್ಕಾಕ್ಕೂ ಪ್ರಮಾಣದಲ್ಲಿ ಅಜಗಜಾಂತರವಿದೆ. ಕರ್ನಾಟಕ 2013ರ ಮೇ ತಿಂಗಳಲ್ಲಿ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಅಂಗಡಿಯಲ್ಲಿ ಅಕ್ಕಪಕ್ಕ ನೇತಾಡತೊಡಗಿದವು. ಬೆರೆಸಿಕೊಳ್ಳುವ ಕೆಲಸ ಗಿರಾಕಿಗೆ ಬಂತು, ಅಷ್ಟೇ. ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸುವ ತಿದ್ದುಪಡಿಯನ್ನು ನಮ್ಮ ವಿಧಾನಮಂಡಲ 2024ರಲ್ಲಿ ಒಪ್ಪಿತು. ಮಗುವಿಗೆ ಮದ್ಯ, ತಂಬಾಕು ಕೊಡುವವರಿಗೆ ಏಳು ವರ್ಷದವರೆಗೆ ಸೆರೆ ಎಂದು 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಹೇಳುತ್ತದೆ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂದು 2003ರ ತಂಬಾಕು ನಿಯಂತ್ರಣ ಕಾಯ್ದೆಯೇ ಹೇಳಿದೆ. ಅಳತೆಯ ಟೇಪು ಹಿಡಿದು ನಿಮ್ಮ ಶಾಲೆಯ ಗೇಟಿನಿಂದ ಒಮ್ಮೆ ನಡೆದು ನೋಡಿ.

ಮದ್ಯದ ಕಥೆಯೂ ಅದೇ ಜಾಡಿನದು. 2007ರ ಜುಲೈ 1ರಂದು ಸಾರಾಯಿ ನಿಂತಿತು. ಹೆಂಗಸರು ಅದಕ್ಕಾಗಿ ಹಲವು ವರ್ಷ ಹೋರಾಡಿದ್ದರು. ಸಾರಾಯಿ ಅಂಗಡಿ ಹೋಗಿ, ಅಗ್ಗದ ವಿಸ್ಕಿಯ ಸಣ್ಣ ಪೊಟ್ಟಣ ಕಿರಾಣಿ ಅಂಗಡಿಯ ಅಕ್ಕಿ ಮೂಟೆಯ ಹಿಂದೆ ಬಂದು ಕೂತಿತು. ಅಡಿಕೆ ಸುಗ್ಗಿಯಲ್ಲಿ ಕೊನೆ ಕೊಯ್ಯುವ, ಹೊರುವ ಹುಡುಗರಿಗೆ ಕೈತುಂಬ ಕೂಲಿ, ಸಂಜೆಗೆ ಬೇರೆ ಯಾವ ಮನರಂಜನೆಯೂ ಇಲ್ಲ. ಗಾಂಜಾ ಗಿಡವನ್ನು ತೋಟ, ಶುಂಠಿ ಗದ್ದೆಗಳ ಮಧ್ಯೆ ಪೊಲೀಸರು ಕಿತ್ತ ಸುದ್ದಿ ಜಿಲ್ಲೆಗೆ ಹೊಸತಲ್ಲ. ಇವುಗಳ ನಡುವೆ ಯಾರ ಕಣ್ಣಿಗೂ ಬೀಳದ ಒಂದು ಬಗೆ ಇದೆ: ಪಂಕ್ಚರ್ ಸಲ್ಯೂಷನ್, ವೈಟ್ನರ್ ಮೂಸುವುದು. ಏಮ್ಸ್ ಸಂಸ್ಥೆ ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚು ಕಂಡ ಅಮಲು ಇದೊಂದೇ. ಮಕ್ಕಳಲ್ಲಿ ಶೇ 1.17, ವಯಸ್ಕರಲ್ಲಿ ಶೇ 0.58.

ಇಲ್ಲಿಂದ ಎಚ್‌ಐವಿಗೆ ದಾರಿ ಎಲ್ಲಿ ಕೂಡುತ್ತದೆ ಎಂಬುದು ಮೂರನೆಯ ಭಾಗ.

ಪಂಜಾಬಿನಲ್ಲಿ, ಮಣಿಪುರದಲ್ಲಿ ಅಮಲಿಗೂ ಎಚ್‌ಐವಿಗೂ ನಡುವೆ ಸೂಜಿ ಇದೆ. ಒಂದೇ ಸಿರಿಂಜನ್ನು ಹಲವರು ಚುಚ್ಚಿಕೊಳ್ಳುತ್ತಾರೆ. ನಮ್ಮಲ್ಲಿ ಸೂಜಿಯ ಪಾತ್ರ ಸಣ್ಣದು. ಕರ್ನಾಟಕದಲ್ಲಿ ಸೋಂಕು ಹಬ್ಬಿದ್ದು ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ, ಅದರ ಭಾರ ಬಿದ್ದದ್ದು ಬೆಳಗಾವಿ, ಬಾಗಲಕೋಟೆಯಂಥ ಉತ್ತರದ ಜಿಲ್ಲೆಗಳ ಮೇಲೆ. ಮಲೆನಾಡಿನಲ್ಲಿ ಅಷ್ಟಿಲ್ಲ ಎಂಬ ಸಮಾಧಾನದಲ್ಲಿ ನಾವು ಅದರ ಮಾತನ್ನೇ ಬಿಟ್ಟೆವು. ಈಗ ಯೋಚಿಸಿ. ಪಿಯುಸಿ ಅರ್ಧಕ್ಕೆ ಬಿಟ್ಟ ಹೊಸನಗರದ ಹುಡುಗ ಬೆಂಗಳೂರಿನ ಬೇಕರಿಗೋ ಹೋಟೆಲಿಗೋ ಸೇರುತ್ತಾನೆ. ಒಂದೇ ಕೋಣೆಯಲ್ಲಿ ಹಲವರು, ಸಂಬಳದ ರಾತ್ರಿ ಕುಡಿತ, ಕುಡಿದ ಮೇಲೆ ಕಾಂಡೋಮಿನ ನೆನಪಿಲ್ಲ. ಇನ್ನೊಬ್ಬಳು ಹುಡುಗಿಗೆ ಮನೆಯಲ್ಲಿ ಸಿಗದ ಮಾತು ಮೊಬೈಲಿನಲ್ಲಿ ಸಿಗುತ್ತದೆ. ಮಾತಾಡಿದವನು ಫೋಟೋ ಇಟ್ಟುಕೊಂಡು ಹೆದರಿಸುತ್ತಾನೆ. ಚಿಕ್ಕಂದಿನಲ್ಲಿ ಬೇಡ ಎಂದಾಗ ಯಾರೂ ಕೇಳದಿದ್ದರೆ, ದೊಡ್ಡವಳಾದ ಮೇಲೂ ಬೇಡ ಎನ್ನಲು ನಾಲಿಗೆ ಏಳುವುದಿಲ್ಲ. ಗಂಡಸರೊಡನೆ ಸಂಬಂಧವಿರುವ ಹುಡುಗರೂ ನಮ್ಮ ತಾಲ್ಲೂಕುಗಳಲ್ಲಿದ್ದಾರೆ. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ವಯಸ್ಕರ ಮಟ್ಟಿಗೆ ಅದನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಅವರ ಹೆಸರೆತ್ತದ ಎಚ್‌ಐವಿ ಜಾಗೃತಿಯಿಂದ ಅವರಿಗೆ ಏನೂ ಸಿಗುವುದಿಲ್ಲ.

ಎಚ್‌ಐವಿಯ ಬಗ್ಗೆ ಇವತ್ತು ನಿಜವಾಗಿರುವುದು ನಿಮ್ಮ ಅಪ್ಪಂದಿರು ಗೋಡೆಬರಹದಲ್ಲಿ ಓದಿದ್ದಲ್ಲ. ಭಾರತದಲ್ಲಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಆಗ ಔಷಧವಿರಲಿಲ್ಲ, ಹೆದರಿಕೆಯೊಂದೇ ಇತ್ತು. 2004ರ ಏಪ್ರಿಲಿನಿಂದ ಸರ್ಕಾರ ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಔಷಧವನ್ನು ಉಚಿತವಾಗಿ ಕೊಡುತ್ತಿದೆ. ದಿನವೂ ತಪ್ಪದೆ ನುಂಗಿ ವೈರಸ್ಸು ರಕ್ತದಲ್ಲಿ ಅಳತೆಗೆ ಸಿಗದ ಮಟ್ಟಕ್ಕೆ ಇಳಿದರೆ, ಅಂಥವರಿಂದ ಲೈಂಗಿಕವಾಗಿ ಸೋಂಕು ದಾಟುವುದಿಲ್ಲ. ತಾಯಿಯಿಂದ ಮಗುವಿಗೆ ದಾಟುವ ಸಾಧ್ಯತೆ, ಏನೂ ಮಾಡದಿದ್ದರೆ ಶೇ 15ರಿಂದ 45. ಚಿಕಿತ್ಸೆ ಸರಿಯಾಗಿದ್ದರೆ ಶೇ 5ಕ್ಕಿಂತ ಕಡಿಮೆ. 2023ರ ಅಂದಾಜಿನಂತೆ ದೇಶದಲ್ಲಿ ಸುಮಾರು 25.44 ಲಕ್ಷ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ಬದುಕುತ್ತಿದ್ದಾರೆ ಎಂಬುದನ್ನು ಒತ್ತಿ ಹೇಳುತ್ತೇನೆ. ಹುಟ್ಟಿನಿಂದಲೇ ಸೋಂಕು ಪಡೆದು, ಮಾತ್ರೆಯ ಬಲದಲ್ಲಿ ಬೆಳೆದ ಮಕ್ಕಳು ಈಗ ಕಾಲೇಜುಗಳಲ್ಲಿದ್ದಾರೆ. ಯಾವ ಸಭಾಂಗಣದಲ್ಲಿ ಎಚ್‌ಐವಿಯ ಮಾತು ಎತ್ತಿದರೂ ಕೇಳುವವರ ನಡುವೆ ಅವರಲ್ಲೊಬ್ಬರು ಇರಬಹುದು ಎಂದುಕೊಂಡೇ ಮಾತನಾಡಬೇಕು. ಡಿಸೆಂಬರ್ 1ರ ಏಡ್ಸ್ ದಿನದ ಭಾಷಣಕಾರರಿಗೆ ಇದು ಎಷ್ಟೋ ಸಲ ಹೊಳೆದಿರುವುದಿಲ್ಲ.

ಇನ್ನು ಕಾಯಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಒಬ್ಬರ ಸೋಂಕಿನ ಸ್ಥಿತಿಯನ್ನು ಇನ್ನೊಬ್ಬರು ಬಹಿರಂಗ ಮಾಡುವಂತಿಲ್ಲ. ಶಾಲೆ, ಕೆಲಸ, ಆಸ್ಪತ್ರೆಗಳಲ್ಲಿ ತಾರತಮ್ಯ ಮಾಡುವಂತಿಲ್ಲ. ಅದರ 32ನೇ ಕಲಂ ಓದಿದಾಗ ಕಾಯಿದೆ ಬರೆದವರು ಬದುಕನ್ನು ಕಂಡವರು ಎನಿಸಿತು. ಸೋಂಕಿಗೆ ಒಳಗಾದ ಕುಟುಂಬದಲ್ಲಿ ಸಂಸಾರ ನಡೆಸುವ ತಿಳಿವಳಿಕೆ ಇದ್ದರೆ, 12 ದಾಟಿದ 18 ತುಂಬದ ಅಣ್ಣನೋ ಅಕ್ಕನೋ ತನ್ನ ಒಡಹುಟ್ಟಿದವರಿಗೆ ಶಾಲೆ, ಬ್ಯಾಂಕು, ಚಿಕಿತ್ಸೆಯ ವ್ಯವಹಾರಗಳಲ್ಲಿ ಪೋಷಕರಾಗಬಹುದು. ತಾವೇ ಪೆಟ್ಟು ತಿಂದ ಮಕ್ಕಳು ತಮ್ಮ ತಂಗಿಯರನ್ನು ಸಾಕುತ್ತಾರೆಂಬುದನ್ನು ಸಂಸತ್ತು ಬರವಣಿಗೆಯಲ್ಲಿ ಒಪ್ಪಿಕೊಂಡಿದೆ.

ಇನ್ನೊಂದು ವಿಷಯ, ಹೆಣ್ಣು ಗಂಡು ಎಲ್ಲರೂ ತಿಳಿದಿರಬೇಕಾದ್ದು. ಅತ್ಯಾಚಾರವೋ ಇನ್ನಾವುದೋ ರೀತಿಯಲ್ಲಿ ಸೋಂಕು ತಗಲಿರಬಹುದಾದ ಸಂದರ್ಭದಲ್ಲಿ 72 ಗಂಟೆಯೊಳಗೆ ಔಷಧ ಶುರುಮಾಡಿ 28 ದಿನ ತೆಗೆದುಕೊಂಡರೆ ಎಚ್‌ಐವಿಯನ್ನು ತಡೆಯಬಹುದು. ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಮಗುವಿನ ಮೇಲೆ ದೌರ್ಜನ್ಯವಾಗಿದ್ದರೆ, ಪೊಲೀಸರ ಕಾಗದ ತನ್ನಿ ಆಮೇಲೆ ನೋಡೋಣ ಎಂದು ವೈದ್ಯರು ಹೇಳುವಂತಿಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳು ಇದನ್ನು ಸ್ಪಷ್ಟವಾಗಿ ಬರೆದಿವೆ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ ಈ 72 ಗಂಟೆಯ ಅರ್ಥ ಬೇರೆಯೇ ಇತ್ತು. ಸಂಜೆ ಹಿನ್ನೀರು ದಾಟಿಸುವ ಲಾಂಚ್ ನಿಂತರೆ ಸಾಗರದ ಆಸ್ಪತ್ರೆ ಮಾರನೆಯ ದಿನದ ಮಾತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ದೂರ ಕರಗಿದೆ. ಇನ್ನೊಂದು ದೂರ, ಚೀಟಿ ಬರೆಯುವ ಕಿಟಕಿಯ ಮುಂದಿನದು, ಹಾಗೇ ಇದೆ.

ಈಗ ನಾಲ್ಕನೆಯ, ನನ್ನ ಮಟ್ಟಿಗೆ ಮುಖ್ಯವಾದ ಭಾಗ. ತಡೆಯುವುದು ಹೇಗೆ?

ಹೇಗಲ್ಲ ಎಂಬುದರಿಂದ ಶುರುಮಾಡುತ್ತೇನೆ. 1983ರಲ್ಲಿ ಲಾಸ್ ಏಂಜಲೀಸಿನಲ್ಲಿ ಪೊಲೀಸರು ಶಾಲೆಗೆ ಬಂದು ಮಾದಕ ವಸ್ತುಗಳ ಅಪಾಯ ಹೇಳುವ ‘ಡೇರ್’ ಎಂಬ ಕಾರ್ಯಕ್ರಮ ಶುರುವಾಯಿತು. ತಂದೆತಾಯಿಗಳಿಗೆ ಬಹಳ ಇಷ್ಟವಾಯಿತು, ದೇಶವೆಲ್ಲ ಹಬ್ಬಿತು. ಸಂಶೋಧಕರು ಮತ್ತೆ ಮತ್ತೆ ಅಳೆದು ನೋಡಿದರು. ಆ ಮಕ್ಕಳ ಮುಂದಿನ ನಡವಳಿಕೆಯಲ್ಲಿ ನಿಲ್ಲುವಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮ ಜೂನ್ 26ರ ಮಾದಕ ವಸ್ತು ವಿರೋಧಿ ದಿನದ ಜಾಥಾ, ಮಾನವ ಸರಪಳಿ, ಪ್ರಬಂಧ ಸ್ಪರ್ಧೆಗಳು ಇದೇ ಕುಲದವು. ಮಾಡಬೇಡಿ ಎನ್ನುತ್ತಿಲ್ಲ. ಬಿಸಿಲಿನಲ್ಲಿ ಘೋಷಣೆ ಕೂಗಿದ ಹುಡುಗನ ರಾತ್ರಿಯ ನಿದ್ದೆ ಅದರಿಂದ ಸರಿಯಾಗುವುದಿಲ್ಲ ಎನ್ನುತ್ತಿದ್ದೇನೆ. ಇನ್ನೊಂದು ತುದಿಯಲ್ಲಿ ಮೌನವಿದೆ. 2007ರಲ್ಲಿ ಹಲವು ರಾಜ್ಯಗಳೊಂದಿಗೆ ಕರ್ನಾಟಕವೂ ಶಾಲೆಗಳ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ತಡೆಹಿಡಿಯಿತು. ಮಕ್ಕಳು ಕೆಡುತ್ತಾರೆ ಎಂದು ವಾದ. ಪಾಠ ಮೇಷ್ಟರಿಂದ ಮೊಬೈಲಿಗೆ ವರ್ಗವಾಯಿತು. ಮೊಬೈಲು ಏನು ಕಲಿಸುತ್ತದೆ ಎಂಬುದು ಇಲ್ಲಿರುವ ಪೋಷಕರಿಗಿಂತ ಹಿಂದಿನ ಸಾಲಿನ ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತು.

ಇನ್ನು ಕೆಲಸ ಮಾಡಿದ್ದು. ಬಿಹಾರದ ನಳಂದಾ ಜಿಲ್ಲೆಯ 74 ಪ್ರೌಢಶಾಲೆಗಳಲ್ಲಿ ‘ಸೆಹರ್’ ಎಂಬ ಪ್ರಯೋಗ ನಡೆಯಿತು. 2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದರ ಫಲಿತಾಂಶ ಬಂತು. ಕೆಲವು ಶಾಲೆಗಳಲ್ಲಿ ಮಕ್ಕಳ ಮಾತು ಕೇಳುವ ಕೆಲಸವನ್ನು ಅಲ್ಲಿನ ಶಿಕ್ಷಕರಿಗೇ ವಹಿಸಿದರು. ಇನ್ನು ಕೆಲವಕ್ಕೆ ಹೊರಗಿನಿಂದ ಒಬ್ಬ ಸಾಮಾನ್ಯ ಯುವಕನನ್ನೋ ಯುವತಿಯನ್ನೋ ತರಬೇತಿ ಕೊಟ್ಟು ನೇಮಿಸಿದರು. ಅವರು ಮನೋವೈದ್ಯರಲ್ಲ, ದೊಡ್ಡ ಪದವಿಯವರೂ ಅಲ್ಲ. ಆ ಎರಡನೆಯ ಬಗೆಯ ಶಾಲೆಗಳಲ್ಲಿ ಖಿನ್ನತೆ, ಹೊಡೆದಾಟ, ಪೀಡನೆ ಇಳಿದವು, ಶಾಲೆಯ ವಾತಾವರಣ ಸುಧಾರಿಸಿತು. ಶಿಕ್ಷಕರಿಗೆ ವಹಿಸಿದ ಕಡೆ ಏನೂ ಆಗಲಿಲ್ಲ. ಅಧ್ಯಾಪಕ ಬಂಧುಗಳು ಬೇಸರಿಸಬಾರದು. ಅಂಕ ಹಾಕುವವರ ಹತ್ತಿರ, ಅಪ್ಪನನ್ನು ಸಂತೆಯಲ್ಲಿ ಭೇಟಿಯಾಗುವವರ ಹತ್ತಿರ ಮಗು ಬಾಯಿಬಿಡುವುದಿಲ್ಲ. ಸಣ್ಣ ಊರಿನಲ್ಲಿ ಮೇಷ್ಟರ ಒಳ್ಳೆಯತನಕ್ಕೂ ಇದಕ್ಕೂ ಸಂಬಂಧವಿಲ್ಲ.

ಎರಡನೆಯ ಉದಾಹರಣೆ ಆಫ್ರಿಕಾದ ಬೋಟ್ಸ್ವಾನದ್ದು. 1996ರಲ್ಲಿ ಅಲ್ಲಿ ಶಾಲಾ ವ್ಯವಸ್ಥೆ ಬದಲಾಗಿ ಮಕ್ಕಳು ಪ್ರೌಢಶಾಲೆಯಲ್ಲಿ ಸ್ವಲ್ಪ ಹೆಚ್ಚು ಕಾಲ ಉಳಿಯುವಂತಾಯಿತು. ಹೆಚ್ಚು ಕಲಿತ ಒಂದೊಂದು ವರ್ಷಕ್ಕೂ ಎಚ್‌ಐವಿ ಸೋಂಕಿನ ಅಪಾಯ ಶೇಕಡಾ 8 ಅಂಶಗಳಷ್ಟು ಇಳಿದದ್ದು ಆಮೇಲಿನ ಲೆಕ್ಕದಲ್ಲಿ ಕಂಡಿತು. ಅಲ್ಲಿ ಸೋಂಕು ಬಹಳ ಹೆಚ್ಚಿದ್ದುದರಿಂದ ಅಂಕಿ ದೊಡ್ಡದು, ನಮ್ಮಲ್ಲಿ ಅಷ್ಟಾಗದು. ಆದರೂ ಶಾಲೆ ಬಿಡದಂತೆ ನೋಡಿಕೊಳ್ಳುವ ಒಂದು ಬಸ್ ಪಾಸ್, ಒಂದು ಹಾಸ್ಟೆಲ್ ಸೀಟು ಎಚ್‌ಐವಿ ತಡೆಯ ಕೆಲಸವೇ ಎಂದು ನಮ್ಮ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯವರಿಗೆ ಯಾರೂ ಹೇಳಿಲ್ಲ.

ಮೂರನೆಯದಕ್ಕೆ ದೂರ ಹೋಗಬೇಕಿಲ್ಲ. 2005ರಿಂದ ನಿಮ್ಹಾನ್ಸ್ ತಜ್ಞರು ಇದೇ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಸ್ಥಳೀಯ ಆರೋಗ್ಯ ಕಾರ್ಯಕರ್ತರ ನೆರವಿನಿಂದ ಸ್ಕಿಜೋಫ್ರೇನಿಯಾ ಇರುವವರನ್ನು ಗುರುತಿಸಿ, ಔಷಧ ಕೊಟ್ಟು, ವರ್ಷಗಟ್ಟಲೆ ಅವರ ಬೆನ್ನುಹತ್ತಿ ನೋಡಿಕೊಂಡರು. ಮನೋವೈದ್ಯಕೀಯದ ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ತೀರ್ಥಹಳ್ಳಿಯ ಹೆಸರು ಬಂದದ್ದು ಹೀಗೆ. ಊರಿನವರಿಗೆ ಇದು ಅಷ್ಟಾಗಿ ಗೊತ್ತಿಲ್ಲ. ದೆವ್ವ ಹಿಡಿದಿದೆ ಎಂದು ಕೋಣೆಯಲ್ಲಿ ಕೂಡಿಹಾಕಿದ್ದವರು ತೋಟದ ಕೆಲಸಕ್ಕೆ ಮರಳಬಹುದು ಎಂದು ಒಂಟಿ ಮನೆಗಳ ತಾಲ್ಲೂಕಿನಲ್ಲೇ ತೋರಿಸಿದ್ದಾಯಿತು. ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ ಅವರು ಮನಸ್ಸಿನ ಕಾಯಿಲೆಗಳ ಬಗ್ಗೆ ಸರಳ ಕನ್ನಡದಲ್ಲಿ ಬರೆದು, ಸಿನಿಮಾದ ಮೂಲಕವೂ ಹೇಳಿ, ಅದಕ್ಕೆ ಬಹು ಮೊದಲೇ ನೆಲ ಹದ ಮಾಡಿದ್ದರು. ಹಾಗಿದ್ದಮೇಲೆ ನಮ್ಮ ಹಳ್ಳಿಗಳಲ್ಲಿ ಇಂಥದ್ದೆಲ್ಲ ನಡೆಯುವುದಿಲ್ಲ ಎಂಬ ಮಾತು ನಡೆಯುವುದಿಲ್ಲ.

ಮದ್ಯವರ್ಜನ ಶಿಬಿರಗಳ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ಎಂಟು ದಿನಗಳ ಶಿಬಿರ ನಡೆಸುತ್ತಾರೆ. ವೈದ್ಯರಲ್ಲಿ ಕೆಲವರು ಮೂಗು ಮುರಿಯುತ್ತಾರೆ. ನಾನು ಮುರಿಯುವುದಿಲ್ಲ. ಅದರ ನಿಜವಾದ ಬಲ ಶಿಬಿರ ಮುಗಿದ ಮೇಲಿನ ನವಜೀವನ ಸಮಿತಿಯಲ್ಲಿದೆ. ಬಿಟ್ಟವರು ಬಿಟ್ಟವರ ಜೊತೆ ಕೂಡುತ್ತಾರೆ. ಆದರೆ ಆ ಚೌಕಟ್ಟು ಸಂಸಾರಸ್ಥ ಗಂಡಸಿಗೆ ಹೊಲಿದ ಅಂಗಿ. 17ರ ಹುಡುಗನಿಗೆ ಆಗುವುದಿಲ್ಲ, ಹುಡುಗಿಗೆ ಮೊದಲೇ ಆಗುವುದಿಲ್ಲ. ಸಾರ್ವಜನಿಕವಾಗಿ ನಿಂತು ತಪ್ಪಾಯಿತು ಎನ್ನುವುದು ಹೆಂಡತಿಗೆ ಹೊಡೆದವನಿಗೆ ಹೊರೆ ಇಳಿಸಬಹುದು. ತನ್ನ ಮೇಲೆ ತಪ್ಪು ನಡೆದ ಮಗುವಿಗೆ ಅದು ಎರಡನೆಯ ಪೆಟ್ಟು.

ಹಾಗಾದರೆ ನಾನು ಕೇಳುವುದು ಏನು? ಗುಟ್ಟು ಉಳಿಸುವ ವ್ಯವಸ್ಥೆ. ಔಷಧ ಇದೆ, ಕಾಯಿದೆ ಇದೆ, ಸಹಾಯವಾಣಿಗಳಿವೆ: ಮಕ್ಕಳಿಗೆ 1098, ಎಚ್‌ಐವಿಗೆ 1097, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುವ ಮನೋಚೈತನ್ಯ ಯೋಜನೆ ಇದೆ, ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಇದೆ. ಚಟದವನೇ ಚಿಕಿತ್ಸೆಗೆ ಮುಂದೆ ಬಂದರೆ, ಸಣ್ಣ ಪ್ರಮಾಣ ಇಟ್ಟುಕೊಂಡದ್ದಕ್ಕೆ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಕಲಂ ಮಾದಕವಸ್ತು ಕಾಯ್ದೆಯಲ್ಲಿದೆ. ಎಲ್ಲ ಇದ್ದೂ ಹುಡುಗ ಒಳಗೆ ಬರುವುದಿಲ್ಲ, ಏಕೆಂದರೆ ಹೊರಗಿನ ಬೆಂಚಿನಲ್ಲಿ ಚಿಕ್ಕಪ್ಪ ಕೂತಿದ್ದಾನೆ. ಎಚ್‌ಐವಿ ಪರೀಕ್ಷೆಯ ಕೋಣೆಗೆ ದೊಡ್ಡ ಫಲಕ ಹಾಕಿ, ಅದರ ಎದುರೇ ಹೊರರೋಗಿಗಳ ಸಾಲು ನಿಲ್ಲಿಸುವ ಆಸ್ಪತ್ರೆಗಳಿವೆ. ಆ ಬಾಗಿಲನ್ನು ಹಿಂದಿನ ಕಡೆಗೆ ತಿರುಗಿಸಲು ಮೇಸ್ತ್ರಿಯೊಬ್ಬ ಸಾಕು, ಸಂಶೋಧನೆ ಬೇಡ. ಎಆರ್‌ಟಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೇ ಹೋಗುತ್ತೇನೆ, ದೂರವಾದರೂ ಪರವಾಗಿಲ್ಲ ಎನ್ನುವವರಿದ್ದಾರೆ. ದೂರವೇ ಅವರ ರಕ್ಷಣೆ. ಹತ್ತಿರವಾಗಿಸುವುದು ಎಲ್ಲರಿಗೂ ಉಪಕಾರವಲ್ಲ ಎಂಬುದನ್ನು ಆಡಳಿತ ನಡೆಸುವವರು ತಿಳಿಯಬೇಕು.

ಇದಕ್ಕೆ ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರ ಮೇಲಿನ ಲೈಂಗಿಕ ಅಪರಾಧ ತಿಳಿದವರು ವರದಿ ಮಾಡಲೇಬೇಕು. ಮಗುವಿನ ಮೇಲೆ ಕೈಮಾಡಿದ ಬಂಧುವಿನ ಮಟ್ಟಿಗೆ ಇದು ಅತ್ಯಗತ್ಯ. ಆದರೆ 17ರ ಹುಡುಗಿ ತಾನು ಪ್ರೀತಿಸಿದವನ ಜೊತೆಗಿನ ಸಂಬಂಧದಿಂದ ಹೆದರಿ ಬಂದಾಗಲೂ ಅದೇ ಕಲಂ. ಹುಡುಗ ಜೈಲಿಗೆ ಹೋಗುತ್ತಾನೆಂದು ಅವಳು ಬರುವುದೇ ಇಲ್ಲ. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಗರ್ಭಪಾತಕ್ಕೆ ಬಂದ ಇಂಥ ಹುಡುಗಿಯೂ ಅವಳ ಪೋಷಕರೂ ಕೋರಿದರೆ ವೈದ್ಯರು ವರದಿಯಲ್ಲಿ ಅವಳ ಹೆಸರು ಕೊಡಬೇಕಿಲ್ಲ ಎಂದಿತು. ಎಚ್‌ಐವಿ ಪರೀಕ್ಷೆಗೂ ಅಂಥದೊಂದು ಕಿಂಡಿ ಬೇಕು. ಅಲ್ಲಿಯವರೆಗೆ ಆಪ್ತ ಸಮಾಲೋಚಕರು ಮಾಡಬೇಕಾದದ್ದು ಒಂದೇ: ಮಾತು ಶುರುವಾಗುವ ಮೊದಲೇ, ಯಾವ ಗುಟ್ಟನ್ನು ಉಳಿಸಬಲ್ಲೆ, ಯಾವುದನ್ನು ಹೇಳಲೇಬೇಕಾಗುತ್ತದೆ ಎಂದು ನೇರವಾಗಿ ತಿಳಿಸುವುದು. ಯಾರಿಗೂ ಹೇಳಲ್ಲ ಎಂದು ಆಣೆ ಮಾಡಿ ಆಮೇಲೆ ಹೇಳಿದರೆ ಆ ಮಗು ಜೀವಮಾನದಲ್ಲಿ ಇನ್ನೊಬ್ಬರ ಬಳಿ ಬಾಯಿಬಿಡುವುದಿಲ್ಲ.

ಎಚ್ಚರಿಕೆಯೊಂದನ್ನು ಸೇರಿಸುತ್ತೇನೆ. ಪೆಟ್ಟು ತಿಂದ ಮಕ್ಕಳಲ್ಲಿ ಬಹುಪಾಲು ಚಟಕ್ಕೂ ಬೀಳುವುದಿಲ್ಲ, ಸೋಂಕಿಗೂ ಸಿಗುವುದಿಲ್ಲ. ಫೆಲಿಟ್ಟಿಯವರ ಲೆಕ್ಕ ಗುಂಪಿನದು, ಒಬ್ಬರ ಜಾತಕವಲ್ಲ. ಅಪ್ಪ ಕುಡುಕ ಎಂದು ಮಗನನ್ನು ಪಟ್ಟಿ ಮಾಡಿ ‘ಅಪಾಯದ ಮಗು’ ಎಂದು ರಿಜಿಸ್ಟರಿನಲ್ಲಿ ಬರೆದಿಡುವ ಉತ್ಸಾಹ ಯಾರಿಗೂ ಬರಬಾರದು. ಸಣ್ಣ ಊರಿನಲ್ಲಿ ರಿಜಿಸ್ಟರು ಮೂರು ದಿನ ಗುಟ್ಟಾಗಿರುವುದಿಲ್ಲ.

ಕಡೆಯದಾಗಿ, ಈ ಉಪನ್ಯಾಸದ ದತ್ತಿಯನ್ನು ಇಟ್ಟ ಹಿರಿಯರಲ್ಲಿ ಒಂದು ವಿನಂತಿ. ಸಭೆಯ ಅಧ್ಯಕ್ಷರು ಮುನಿಸಿಕೊಳ್ಳಬಾರದು. ಪ್ರತಿವರ್ಷ ಈ ನಿಧಿಯ ಬಡ್ಡಿಯಲ್ಲಿ ಒಂದು ಉಪನ್ಯಾಸ, ಹಾರ, ಶಾಲು, ಫಲಕ, ಚಹಾ ನಡೆಯುತ್ತದೆ. ಮುಂದಿನ ವರ್ಷ ಉಪನ್ಯಾಸ ಬೇಡ. ಅದೇ ಹಣದಲ್ಲಿ ಮೂರೂ ತಾಲ್ಲೂಕಿನವರಲ್ಲದ, ಇಲ್ಲಿ ನೆಂಟರಿಷ್ಟರಿಲ್ಲದ, ತರಬೇತಿಯಾದ ಆಪ್ತ ಸಮಾಲೋಚಕಿಯೊಬ್ಬರು ತಿಂಗಳಿಗೆರಡು ಬಾರಿ ಈ ಕಾಲೇಜಿನ ಹಾಸ್ಟೆಲಿಗೆ ಬಂದು ಹೋಗುವ ಬಸ್ಸಿನ ಖರ್ಚು, ಊಟ, ಗೌರವಧನ ನೋಡಿಕೊಳ್ಳಬಹುದೇ? ಸಾಲದೆ ಬಂದರೆ ನನಗೆ ಇಂದು ಹೊದಿಸಲಿರುವ ಶಾಲಿನ ಮೊತ್ತವನ್ನೂ ಅದಕ್ಕೆ ಸೇರಿಸಿಕೊಳ್ಳಿ. ಕೋಣೆಯನ್ನು ಪ್ರಾಂಶುಪಾಲರು ಕೊಡಬೇಕು. ಅದು ಕಚೇರಿಯ ಪಕ್ಕದಲ್ಲಿರಬಾರದು, ಒಳಗಿನಿಂದ ಚಿಲಕ ಇರಬೇಕು, ಯಾರು ಬಂದರೆಂದು ಬರೆಯುವ ಹಾಜರಿ ಪುಸ್ತಕ ಅಲ್ಲಿ ಇಡಬಾರದು.

ಪ್ರಶ್ನೆಗಳಿದ್ದರೆ ಎದ್ದುನಿಂತು ಕೇಳಬೇಕಿಲ್ಲ. ಹೆಸರು ಹಾಕದೆ ಚೀಟಿಯಲ್ಲಿ ಬರೆದು ಮುಂದಕ್ಕೆ ಕಳಿಸಿ.